ಆರು ತಿಂಗಳು ದಾಟಿತೆಂದು ಟ್ರಂಕಿಗೆ ಹಾಕಿದ ಪತ್ರ

ಪ್ರಶ್ನೆ: ನಮ್ಮ ಯಜಮಾನರು ಸೇನೆಯಲ್ಲಿ 24 ವರ್ಷ ದುಡಿದು 2014ರಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದರು. ಬಿಡುಗಡೆಗೆ ಮೊದಲು ನಡೆದ ಮೆಡಿಕಲ್ ಬೋರ್ಡಿನಲ್ಲಿ ಬಿಪಿ ಇದೆ, ಶೇ. 30 ಡಿಸೆಬಿಲಿಟಿ, ಜೀವಮಾನಕ್ಕೆ ಎಂದು ಬರೆದರು. ಆದರೆ ಅದು ಸೇವೆಯಿಂದ ಬಂದದ್ದಲ್ಲ ಎಂದು ಡಿಸೆಬಿಲಿಟಿ ಪೆನ್ಶನ್ ಕೊಡಲಿಲ್ಲ. ಆರು ತಿಂಗಳೊಳಗೆ ಅಪೀಲು ಹಾಕಬಹುದಿತ್ತಂತೆ. ಆಗ ನಮ್ಮ ಅತ್ತೆ ಹಾಸಿಗೆ ಹಿಡಿದಿದ್ದರು. ಪತ್ರ ಇಂಗ್ಲಿಷಿನಲ್ಲಿತ್ತು, ಇವರು ಟ್ರಂಕಿಗೆ ಹಾಕಿ ಸುಮ್ಮನಾದರು. ಈಗ ಇವರ ಜೊತೆಗೇ ಇದ್ದ ಒಬ್ಬರಿಗೆ ಆ ಪೆನ್ಶನ್ ಸಿಕ್ಕಿದೆ. ನಾನು ಹೇಳಿದರೆ, ‘ಇಷ್ಟು ವರ್ಷ ಆದ ಮೇಲೆ ಯಾರು ಕೇಳ್ತಾರೆ? ಭಿಕ್ಷೆ ಬೇಡೋಕೆ ನಾನು ಹೋಗಲ್ಲ’ ಅಂತಾರೆ. ಅರ್ಜಿ ಹಾಕಿದರೆ ಈಗ ಬರುತ್ತಿರುವ ಪೆನ್ಶನ್ನಿಗೇ ಕುತ್ತು ಬಂದೀತೇ ಎಂಬ ಭಯ ನನಗೂ ಇದೆ. ಏನಾದರೂ ದಾರಿ ಉಂಟೇ?
– ಹೆಸರು ಬೇಡ, ಸೋಮವಾರಪೇಟೆ ತಾಲ್ಲೂಕು

ಉತ್ತರ: ದಾರಿ ಇದೆ, ತಾಯಿ. ಮೊದಲು ನಿಮ್ಮ ಭಯದ ಮಾತು ಮುಗಿಸಿಬಿಡೋಣ. ಈಗ ತಿಂಗಳು ತಿಂಗಳು ಬರುತ್ತಿರುವುದು ಸೇವಾ ಪಿಂಚಣಿ. ಅದು 24 ವರ್ಷದ ದುಡಿಮೆಗೆ ಸಂದದ್ದು. ಅಂಗವೈಕಲ್ಯದ ಅಂಶ ಅದರ ಮೇಲೆ ಬೇರೆಯಾಗಿ ಸೇರಬೇಕಾದದ್ದು. ಇದನ್ನು ಕೇಳಿದ್ದಕ್ಕೆ ಅದನ್ನು ಕಸಿದುಕೊಳ್ಳುವುದಿಲ್ಲ.

ಇನ್ನು ತಡವಾದ ವಿಚಾರ. ತರ್ಸೇಮ್ ಸಿಂಗ್ ಎಂಬ ಸೈನಿಕರನ್ನು 1983ರ ನವೆಂಬರಿನಲ್ಲಿ ವೈದ್ಯಕೀಯ ಕಾರಣಕ್ಕೆ ಸೇನೆಯಿಂದ ಬಿಡುಗಡೆ ಮಾಡಿದ್ದರು. ಅವರು ಅಂಗವೈಕಲ್ಯ ಪಿಂಚಣಿ ಕೇಳಿ ಹೈಕೋರ್ಟಿನ ಮೆಟ್ಟಿಲು ಹತ್ತಿದ್ದು 1999ರಲ್ಲಿ. ನಡುವೆ ಹದಿನಾರು ವರ್ಷ. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ 2008ರಲ್ಲಿ ತೀರ್ಪು ಬಂತು. ಪಿಂಚಣಿ ತಿಂಗಳಿಗೊಮ್ಮೆ ಸಲ್ಲಬೇಕಾದ ಹಣ. ತಪ್ಪಾಗಿ ತಡೆದಿದ್ದರೆ ಆ ತಪ್ಪು ಪ್ರತಿ ತಿಂಗಳೂ ಮುಂದುವರಿಯುತ್ತಲೇ ಇರುತ್ತದೆ, ಆದ್ದರಿಂದ ತಡವಾಯಿತು ಎಂಬ ಒಂದೇ ಕಾರಣಕ್ಕೆ ಅರ್ಜಿ ತಳ್ಳುವಂತಿಲ್ಲ ಎಂಬುದು ಅದರ ಸಾರ. ಜೊತೆಗೆ ಒಂದು ಮಿತಿಯನ್ನೂ ಹಾಕಿದರು: ಹಳೆಯ ಬಾಕಿ ಸಿಗುವುದು ಕೋರ್ಟಿಗೆ ಬಂದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಮಾತ್ರ.

ಈ ಮೂರು ವರ್ಷದ ಮಾತನ್ನು ನಿಮ್ಮ ಯಜಮಾನರ ಮುಂದೆ ಕೂತು ಲೆಕ್ಕ ಹಾಕಿ ತೋರಿಸಿ. ಅಂಗವೈಕಲ್ಯ ಶೇ. 100 ಇದ್ದರೆ ಕೊನೆಯ ವೇತನದ ಶೇ. 30 ಸಿಗುತ್ತದೆ, ಪ್ರಮಾಣ ಇಳಿದಂತೆ ಮೊತ್ತವೂ ಇಳಿಯುತ್ತದೆ. ಆದರೆ ಶೇ. 20ರಿಂದ 50ರೊಳಗಿನ ಅಂಗವೈಕಲ್ಯವನ್ನು ಶೇ. 50 ಎಂದೇ ಎಣಿಸುವ ನಿಯಮವಿದೆ. ಮೊದಲು ಕಾಯಿಲೆಯಿಂದಾಗಿ ನಡುವೆಯೇ ಮನೆಗೆ ಕಳುಹಿಸಿದವರಿಗಷ್ಟೇ ಇದ್ದ ಈ ಅನುಕೂಲವನ್ನು, ಪೂರ್ಣಾವಧಿ ಮುಗಿಸಿ ನಿವೃತ್ತರಾದವರಿಗೂ ಕೊಡಬೇಕೆಂದು ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರ ಡಿಸೆಂಬರಿನಲ್ಲಿ ಹೇಳಿತು. ಲೆಕ್ಕಕ್ಕೆಂದು ವೇತನ 40,000 ರೂಪಾಯಿ ಎಂದಿಟ್ಟುಕೊಳ್ಳಿ. ಶೇ. 100ಕ್ಕೆ 12,000, ಶೇ. 50ಕ್ಕೆ 6,000. ಅದರ ಮೇಲೆ ತುಟ್ಟಿಭತ್ಯೆ. ಮೂರು ವರ್ಷದ ಬಾಕಿಯೇ ಎರಡು ಲಕ್ಷ ದಾಟುತ್ತದೆ. ಇವತ್ತು ಹಾಕಬೇಕಾದ ಅರ್ಜಿಯನ್ನು ಮುಂದಿನ ತಿಂಗಳಿಗೆ ತಳ್ಳಿದರೆ ಹಿಂದಿನಿಂದ ಒಂದು ತಿಂಗಳ ಹಣ ಕಳಚಿಹೋಗುತ್ತದೆ, ಮತ್ತೆ ಬರುವುದಿಲ್ಲ. ಆಗಿಹೋದ ತಡಕ್ಕಿಂತ ಇನ್ನು ಮುಂದೆ ಮಾಡುವ ತಡದಿಂದಲೇ ನಿಮಗೆ ಹೆಚ್ಚು ನಷ್ಟ.

ಹಾಗೆಂದು ತಡ ಮಾಡಿದವರಿಗೆಲ್ಲ ಗೆಲುವು ಖಂಡಿತ ಎನ್ನಲಾರೆ. ಪ್ರಕರಣದಲ್ಲಿ ತಿರುಳಿರಬೇಕು. ನಿಮ್ಮಲ್ಲಿ ಅದು ಇರುವಂತೆ ಕಾಣುತ್ತದೆ. ಆ ಪತ್ರದಲ್ಲಿರುವ ಇಂಗ್ಲಿಷ್ ವಾಕ್ಯದ ಅರ್ಥ ಇಷ್ಟು: ಕಾಯಿಲೆ ಸೇನಾ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ. ಇದನ್ನೇ ಮೊದಲಕ್ಷರ ಕೂಡಿಸಿ ‘ನಾನಾ’ ಎನ್ನುತ್ತಾರೆ. ಹೀಗೆ ಒಂದು ಸಾಲು ಬರೆದು ಕೈ ತೊಳೆದುಕೊಳ್ಳುವಂತಿಲ್ಲ ಎಂದು 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದೆ. ಭರ್ತಿಯಾಗುವಾಗಿನ ವೈದ್ಯಕೀಯ ದಾಖಲೆಯಲ್ಲಿ ಕಾಯಿಲೆಯ ಉಲ್ಲೇಖ ಇಲ್ಲದಿದ್ದರೆ, ಆ ಮನುಷ್ಯ ಆರೋಗ್ಯವಂತನಾಗಿಯೇ ಸೇನೆ ಸೇರಿದ ಎಂದು ಭಾವಿಸಬೇಕು. ಆಮೇಲೆ ಬಂದ ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎನ್ನುವುದಾದರೆ ಬೋರ್ಡು ಕಾರಣ ಕೊಡಬೇಕು. ಸಂಶಯವಿದ್ದರೆ ಅದರ ಲಾಭ ಸೈನಿಕನಿಗೆ. 2023ರ ಸೆಪ್ಟೆಂಬರಿನಿಂದ ಹೊಸ ನಿಯಮಗಳು ಬಂದಿವೆ. ಆದರೆ ನಿಮ್ಮ ಯಜಮಾನರು 2014ರಲ್ಲೇ ನಿವೃತ್ತರಾದವರು, ಅವರಿಗೆ ಹಳೆಯ ನಿಯಮಗಳೇ ಅನ್ವಯಿಸುತ್ತವೆ.

ಹಾಗಾಗಿ ಮೊದಲು ಬೇಕಾದದ್ದು ಕಾಗದ. ಟ್ರಂಕು ತೆಗೆಯಿರಿ. ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿ ಪಾವತಿ ಆದೇಶ), ತಿರಸ್ಕಾರದ ಪತ್ರ, ಮೆಡಿಕಲ್ ಬೋರ್ಡಿನ ನಡಾವಳಿ ಇವೆಯೇ ನೋಡಿ. ಎಎಫ್‌ಎಂಎಸ್‌ಎಫ್-16 ಎಂಬ ನಮೂನೆಯೇ ಬೋರ್ಡಿನ ನಡಾವಳಿ. ಇಲ್ಲದಿದ್ದರೆ ಅವರ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಬರೆದು, ಭರ್ತಿಯ ಸಮಯದ ವೈದ್ಯಕೀಯ ದಾಖಲೆಯನ್ನೂ ಸೇರಿಸಿ ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಬೋರ್ಡಿನ ಕಾಗದದಲ್ಲಿ ಅವರು ಎಲ್ಲೆಲ್ಲಿ, ಯಾವಾಗಿನಿಂದ ಯಾವಾಗಿನವರೆಗೆ ಇದ್ದರು, ಅದು ಫೀಲ್ಡೋ ಪೀಸೋ ಎಂಬ ಪಟ್ಟಿ ಇರುತ್ತದೆ. ಬಿಪಿ ಪತ್ತೆಯಾದದ್ದು ಪೀಸ್ ಸ್ಟೇಷನ್ನಿನಲ್ಲಿ ಎಂಬುದೇ ಅನೇಕ ಬಾರಿ ತಿರಸ್ಕಾರಕ್ಕೆ ನೆಪ. ಅದಕ್ಕೆ ಹಿಂದಿನ ಸಾಲುಗಳಲ್ಲಿ ಎತ್ತರದ ಹಿಮಪ್ರದೇಶವೋ ಗಡಿಯ ಪೋಸ್ಟಿಂಗೋ ಇದ್ದರೆ ಆ ಸಾಲಿನ ಕೆಳಗೆ ಗೆರೆ ಎಳೆದಿಡಿ. ನಿಮ್ಮ ವಾದ ನಿಲ್ಲುವುದು ಅಲ್ಲಿ.

ಕಾಗದ ಕೈಗೆ ಬಂದ ಮೇಲೆ ರೆಕಾರ್ಡ್ಸ್ ಆಫೀಸಿನ ಮೂಲಕ ಮೊದಲ ಮೇಲ್ಮನವಿ ಕಳುಹಿಸಿ. ಗಡುವು ಮೀರಿದೆ ಎಂದು ಅವರು ತಿರುಗಿಸಬಹುದು. ತಿರುಗಿಸಲಿ, ಆ ಉತ್ತರ ಹಿಡಿದುಕೊಂಡು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಆರು ತಿಂಗಳಾದರೂ ಉತ್ತರವೇ ಬರದಿದ್ದರೆ, ಇಲಾಖೆಯೊಳಗಿನ ದಾರಿ ಮುಗಿಯಿತೆಂದು ಭಾವಿಸಿ ನೇರ ಹೋಗಲು 2007ರ ಕಾಯ್ದೆ ಅವಕಾಶ ಕೊಟ್ಟಿದೆ. ಅಲ್ಲಿಯೂ ಆರು ತಿಂಗಳ ಗಡುವಿದೆ. ಆದರೆ ಸಾಕಷ್ಟು ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರವನ್ನು ಅದೇ ಕಾಯ್ದೆಯ 22ನೇ ಸೆಕ್ಷನ್ ನ್ಯಾಯಮಂಡಳಿಗೆ ಕೊಟ್ಟಿದೆ. ಮುಖ್ಯ ಅರ್ಜಿಯ ಜೊತೆ ವಿಳಂಬ ಮನ್ನಿಸಲು ಬೇರೆ ಅರ್ಜಿ ಹಾಕಬೇಕು.

ಈ ಎರಡನೆಯ ಅರ್ಜಿಯಲ್ಲಿ ಜನ ಎಡವುತ್ತಾರೆ. ಯಾರೋ ಹೇಳಿಕೊಟ್ಟರೆಂದು ಇಲ್ಲದ ಆಸ್ಪತ್ರೆ, ಇಲ್ಲದ ಆಪರೇಷನ್ ಬರೆಸುತ್ತಾರೆ. ದಯವಿಟ್ಟು ಅದು ಬೇಡ. ನೀವು ನನಗೆ ಬರೆದದ್ದನ್ನೇ ಬರೆಯಿಸಿ: ‘ತಿರಸ್ಕಾರದ ಪತ್ರ ಬಂದಾಗ ತಾಯಿ ಹಾಸಿಗೆ ಹಿಡಿದಿದ್ದರು. ಪತ್ರ ಇಂಗ್ಲಿಷಿನಲ್ಲಿದ್ದುದರಿಂದ ಅದರ ಪೂರ್ಣ ಅರ್ಥ ನನಗಾಗಲಿಲ್ಲ. ಬೋರ್ಡಿನ ಮಾತೇ ಕೊನೆ ಎಂದು ನಂಬಿದ್ದೆ. ನನ್ನಂತೆಯೇ ಇದ್ದ ಸಹೋದ್ಯೋಗಿಗೆ ಈ ಪಿಂಚಣಿ ಮಂಜೂರಾದ ಮೇಲೆ ಹಕ್ಕಿನ ಬಗ್ಗೆ ತಿಳಿಯಿತು.’ ಅತ್ತೆಯವರ ಚಿಕಿತ್ಸೆಯ ಚೀಟಿ ಒಂದೆರಡಿದ್ದರೆ ಲಗತ್ತಿಸಿ. ಸಹೋದ್ಯೋಗಿಯ ಆದೇಶದ ಪ್ರತಿಯನ್ನು ಅವರನ್ನು ಕೇಳಿ ಪಡೆದು ಸೇರಿಸಿ.

ನಿಮ್ಮ ಯಜಮಾನರ ‘ಭಿಕ್ಷೆ’ ಎಂಬ ಮಾತು ಓದಿ ನೋವಾಯಿತು. ಅವರೊಡನೆ ನೇರವಾಗಿ ಒಂದು ಮಾತು: ಹವಾಲ್ದಾರ್ ಸಾಹೇಬರೇ, ಭರ್ತಿಯ ದಿನ ನಿಮ್ಮ ಎದೆ ಅಳೆದು, ಓಡಿಸಿ, ಎಲ್ಲ ಪರೀಕ್ಷೆ ಮಾಡಿ ‘ಫಿಟ್’ ಎಂದು ಬರೆದುಕೊಂಡೇ ಒಳಗೆ ಬಿಟ್ಟರು. ಹೊರಗೆ ಕಳುಹಿಸುವಾಗ ಶೇ. 30 ಕುಂದಿದೆ ಎಂದು ಅವರದೇ ವೈದ್ಯರು ಬರೆದುಕೊಟ್ಟರು. ಆ ಎರಡು ಕಾಗದಗಳ ನಡುವಿನ 24 ವರ್ಷ ನೀವು ಎಲ್ಲಿದ್ದಿರಿ ಎಂದು ನೆನಪಿಸಲು ನಿಮಗೆ ಪೂರ್ಣ ಅಧಿಕಾರವಿದೆ. ಯಾರ ದಯೆಯನ್ನೂ ನೀವು ಕೇಳುತ್ತಿಲ್ಲ.

ಖರ್ಚಿನ ಬಗ್ಗೆ ಒಂದು ಎಚ್ಚರಿಕೆ. ಬಾಕಿ ಬಂದರೆ ಇಷ್ಟು ಪಾಲು ಕೊಡಿ ಎಂದು ಮನೆಗೇ ಬರುವವರಿದ್ದಾರೆ. ಗೆದ್ದ ಹಣದಲ್ಲಿ ಪಾಲು ಮಾತಾಡಿಕೊಳ್ಳುವುದನ್ನು ವಕೀಲರಿಗೆ ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ಏಜೆಂಟರ ಮಾತಂತೂ ಬೇಡವೇ ಬೇಡ. ಮಡಿಕೇರಿಯಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ. ನಿಮಗೆ ಸಲ್ಲುವ ನ್ಯಾಯಮಂಡಳಿಯ ಪೀಠ ಯಾವುದು, ಮೇಲ್ಮನವಿಯ ನಮೂನೆ ಹೇಗೆ ಎಂಬುದನ್ನು ಅಲ್ಲಿ ಕೇಳಿ. ಸೈನಿಕರಿಗೂ ಅವರ ಕುಟುಂಬಕ್ಕೂ ಕಾನೂನು ನೆರವು ಕೊಡಲೆಂದೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರಲ್ಲಿ ‘ವೀರ್ ಪರಿವಾರ್ ಸಹಾಯತಾ ಯೋಜನೆ’ ಆರಂಭಿಸಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಆ ಹೆಸರು ಹೇಳಿಯೇ ವಿಚಾರಿಸಿ.

ಮೇಲ್ಮನವಿಯನ್ನು ಸಾದಾ ಅಂಚೆಯಲ್ಲಿ ಹಾಕಬೇಡಿ. ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಮೇಲ್ಮನವಿಯ ಪ್ರತಿಗೆ ಪಿನ್ ಮಾಡಿಡಿ. ಆರು ತಿಂಗಳು ಕಾದದ್ದಕ್ಕೆ ನಾಳೆ ನ್ಯಾಯಮಂಡಳಿಯಲ್ಲಿ ಆ ರಸೀದಿಯ ಮೇಲಿನ ತಾರೀಖೇ ಸಾಕ್ಷಿ.