ಒಂದೇ ಥರ ಕಂಡಿತು ಅಂತ ಅಳಿಸಬೇಡ

ತಮ್ಮಾ,

ನೀನು ಕಳಿಸಿದ ಪ್ಯಾಚ್ ನೋಡಿದೆ. ನಾಲ್ಕು ಡ್ರೈವರ್‌ಗಳಲ್ಲಿ ಅದೇ ಅದೇ ನಲವತ್ತು ಸಾಲು ಕಂಡು ನಿನ್ನ ಕೈ ಸುಮ್ಮನಿರಲಿಲ್ಲ. ಎಲ್ಲವನ್ನೂ ಕಿತ್ತು ಒಂದೇ ಫಂಕ್ಷನ್ ಮಾಡಿದ್ದೀಯ. ನಿನ್ನ ವಯಸ್ಸಿನಲ್ಲಿ ನನಗೂ ಇದೇ ಚಟ ಇತ್ತು. ಕಳಿಸುವ ಮೊದಲು ಈ ಮಾವನ ಮಾತು ಸ್ವಲ್ಪ ಕೇಳು.

ಮೈಲಾರದ ಹುಡುಗನಿಗೆ ನಕಲು ಕೋಡ್ ಯಾಕೆ ಕೆಡುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಣಿಕದ ದಿನ ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಅಂದಾಗ ಅಷ್ಟು ಜನಸಾಗರ ಗಪ್‌ಚುಪ್. ಆಮೇಲೆ ಬರುವುದು ಮಳೆ ಬೆಳೆಯ ಭವಿಷ್ಯ ಹೇಳುವ ಒಂದೇ ಒಂದು ಸಾಲು. ಆ ಸಾಲು ಹಡಗಲಿ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಒಂದು ಪದ ಬದಲಾಗಿರುತ್ತದೆ, ಕೊಟ್ಟೂರು ಮುಟ್ಟುವಷ್ಟರಲ್ಲಿ ಇನ್ನೊಂದು ಸೇರಿರುತ್ತದೆ. ಹರಪನಹಳ್ಳಿಯ ಚಹಾದಂಗಡಿಯಲ್ಲಿ ಕೇಳಿದರೆ ಅದು ಮಳೆ ಮಾತೇ ಅಲ್ಲ, ಎಲೆಕ್ಷನ್ ಮಾತು! ಕರ್ನಲ್‌ನಲ್ಲಿ ಆಗುವುದೂ ಇದೇ. ಒಬ್ಬ ಬರೆದದ್ದನ್ನು ಹತ್ತು ಜನ ನಕಲು ಮಾಡಿಕೊಳ್ಳುತ್ತಾರೆ. ಮೂಲದಲ್ಲಿ ತಪ್ಪು ತಿದ್ದಿದರೆ ಆ ಸುದ್ದಿ ನಕಲುಗಳಿಗೆ ಮುಟ್ಟುವುದೇ ಇಲ್ಲ.

ನಮ್ಮ ಬೆಂಗಳೂರಿಗೇ ನಂಟಿರುವ ಒಂದು ಉದಾಹರಣೆ ಕೊಡುತ್ತೇನೆ. ಓಡುತ್ತಿರುವ ಲಿನಕ್ಸ್ ಕರ್ನಲ್ಲಿನ ಒಳಗೆ ಇಣುಕಿ ನೋಡುವ ‘ಕೆಪ್ರೋಬ್ಸ್’ 2004ರಲ್ಲಿ, 2.6.9 ಆವೃತ್ತಿಗೆ ಸೇರಿತು. ಅದರ ಹಿಂದೆ ಐಬಿಎಂನ ಬೆಂಗಳೂರಿನ ತಂಡವಿತ್ತು. ಕೆಪ್ರೋಬ್ಸ್‌ನ ಮೂಲ ಕಡತದ ತಲೆಬರಹದಲ್ಲಿ ವಂಶಿಕೃಷ್ಣ, ಸುಪರ್ಣಾ ಭಟ್ಟಾಚಾರ್ಯ, ಪ್ರಸನ್ನ ಪಂಚಮುಖಿ ಇವರ ಹೆಸರುಗಳಿವೆ, ತೆರೆದು ನೋಡು. ಮರುವರ್ಷ ಇದಕ್ಕೆ ‘ಕೆರೆಟ್‌ಪ್ರೋಬ್’ ಸೇರಿತು. ಫಂಕ್ಷನ್ ಒಂದು ಕೆಲಸ ಮುಗಿಸಿ ಯಾವ ವಿಳಾಸಕ್ಕೆ ಮರಳಬೇಕೋ ಅದನ್ನು ಇದು ಎತ್ತಿಟ್ಟುಕೊಂಡು, ಆ ಜಾಗದಲ್ಲಿ ‘ಟ್ರ್ಯಾಂಪೊಲಿನ್’ ಎಂಬ ತನ್ನದೇ ವಿಳಾಸ ಇಡುತ್ತದೆ. ಫಂಕ್ಷನ್ ಮರಳುವಾಗ ದಾರಿ ತಪ್ಪಿ ಇಲ್ಲಿಗೆ ಬರುತ್ತದೆ. ನೋಡಬೇಕಾದ್ದನ್ನು ನೋಡಿಕೊಂಡು, ಎತ್ತಿಟ್ಟ ಅಸಲಿ ವಿಳಾಸ ಹುಡುಕಿ, ಫಂಕ್ಷನ್ನನ್ನು ಮನೆಗೆ ಕಳಿಸಬೇಕು.

ಈ ಹುಡುಕುವ ಕೆಲಸಕ್ಕೂ ಪ್ರೊಸೆಸರ್‌ಗೂ ಹೆಚ್ಚಿನ ಸಂಬಂಧವಿಲ್ಲ. ಆದರೂ ಎಕ್ಸ್86, ಆರ್ಮ್, ಪವರ್‌ಪಿಸಿ, ಎಸ್390, ಸ್ಪಾರ್ಕ್ ಅಂತ ಹತ್ತಕ್ಕೂ ಹೆಚ್ಚು ಕಡೆ ಅದೇ ಫಂಕ್ಷನ್ ನಕಲಾಗಿ ಕೂತಿತ್ತು. ಎಕ್ಸ್86ನದ್ದು ಕಾಲಕಾಲಕ್ಕೆ ದುರಸ್ತಿ ಕಂಡಿತು, ಉಳಿದ ಎಷ್ಟೋ ನಕಲುಗಳು ಹಿಂದೆಯೇ ಉಳಿದವು. 2020ರಲ್ಲಿ ಕೆಪ್ರೋಬ್ಸ್ ನೋಡಿಕೊಳ್ಳುತ್ತಿದ್ದ ಮಸಾಮಿ ಹಿರಮತ್ಸು ಇದಕ್ಕೆ ಕೈ ಹಾಕಿದರು. ಎಕ್ಸ್86ನದ್ದೇ ಹೊಸದು ಅಂತ ಅದನ್ನೇ ಆಧಾರ ಮಾಡಿಕೊಂಡು ಒಂದು ಸಾಮಾನ್ಯ ಫಂಕ್ಷನ್ ಬರೆದರು. 5.10 ಆವೃತ್ತಿಗೆ ಅದು ಬಂತು. ಹದಿನೈದು ವರ್ಷ ಹಿಡಿಯಿತು ನೋಡು.

ಅವರು ಮುಟ್ಟದೆ ಬಿಟ್ಟದ್ದನ್ನೂ ನೀನು ಗಮನಿಸಬೇಕು. ಮರಳುವ ವಿಳಾಸ ಎಕ್ಸ್86ನಲ್ಲಿ ಸ್ಟ್ಯಾಕ್ ಮೇಲಿರುತ್ತದೆ, ಆರ್ಮ್64ನಲ್ಲಿ ಒಂದು ರಿಜಿಸ್ಟರಿನಲ್ಲಿ. ಆ ತುಣುಕು ಆಯಾ ಪ್ರೊಸೆಸರಿನ ಮನೆಯಲ್ಲೇ ಉಳಿಯಿತು. ಒಂದು ಮಾಡುವವನ ಕೈಚಳಕ ಇರುವುದೇ ಇಲ್ಲಿ. ಎಲ್ಲವನ್ನೂ ಒಂದೇ ಫಂಕ್ಷನ್ನಿಗೆ ತುರುಕಿ, ಒಳಗೆ ‘ಇದಾದರೆ ಹೀಗೆ, ಅದಾದರೆ ಹಾಗೆ’ ಅಂತ ಐದಾರು ‘ಇಫ್’ ಹಾಕುವುದಾದರೆ ಮೊದಲಿನ ನಕಲುಗಳೇ ವಾಸಿ. ನಿನ್ನದರಲ್ಲಿ ನಾಲ್ಕು ‘ಇಫ್’ ಎಣಿಸಿದೆ.

ಇನ್ನು ನನ್ನ ಪೆದ್ದುತನದ ಕಥೆ. ಹಳೆಯ ಕಂಪನಿಯೊಂದರಲ್ಲಿ ಎರಡು ಡ್ರೈವರ್‌ಗಳ ರೀಸೆಟ್ ಫಂಕ್ಷನ್ ಒಂದು ಮಾಡಲು ಹೊರಟೆ. ಇದ್ದ ವ್ಯತ್ಯಾಸ ಒಂದೇ ಸಾಲು. ಒಂದರಲ್ಲಿ ರಿಜಿಸ್ಟರಿಗೆ ಬರೆದ ತಕ್ಷಣ ಅದೇ ರಿಜಿಸ್ಟರನ್ನು ಓದಿ, ಓದಿದ್ದನ್ನು ಬಳಸದೆ ಬಿಡಲಾಗಿತ್ತು. ಯಾರೋ ಮರೆತು ಬಿಟ್ಟ ಕಸ ಅಂದುಕೊಂಡು ಗುಡಿಸಿದೆ. ನನ್ನ ಮೇಜಿನ ಮೇಲೆ ಎಲ್ಲ ಸರಿಯಿತ್ತು. ಹೊರಗೆ ಹೋದ ಮೆಷಿನ್‌ಗಳು ಮಾತ್ರ ಯಾವಾಗಲೋ ಒಮ್ಮೆ ಬೂಟ್ ಆಗದೆ ಮುಷ್ಕರ ಹೂಡಿದವು. ಮೂರು ವಾರ ನಿದ್ದೆಗೆಟ್ಟ ಮೇಲೆ ಗೊತ್ತಾಯಿತು: ಪಿಸಿಐ ದಾರಿಯಲ್ಲಿ ನಾವು ಬರೆದದ್ದು ನಡುವೆ ಎಲ್ಲೋ ತಂಗಿರಬಹುದು, ಓದಿದಾಗಲೇ ಅದು ಸಾಧನದವರೆಗೆ ತಳ್ಳಲ್ಪಡುತ್ತದೆ. ಆ ‘ಕಸ’ ಇದ್ದದ್ದೇ ಅದಕ್ಕೆ. ಆ ಸಾಲು ಯಾರು ಸೇರಿಸಿದರು ಅಂತ ಗಿಟ್ ಬ್ಲೇಮ್ ಹಾಕಿದ್ದರೆ ಎರಡು ನಿಮಿಷದಲ್ಲಿ ಕಾರಣ ಸಿಗುತ್ತಿತ್ತು. ನಾನು ಹಾಕಿರಲಿಲ್ಲ.

ಒಂದೇ ಥರ ಕಂಡದ್ದೆಲ್ಲ ಒಂದೇ ಅಲ್ಲ. ನಮ್ಮ ಮೈಲಾರಲಿಂಗನಂತೆ ರಾಣೇಬೆನ್ನೂರು ಕಡೆಯ ದೇವರಗುಡ್ಡದ ಮಾಲತೇಶನಿಗೂ ಕಾರ್ಣಿಕವುಂಟು. ಅಲ್ಲೂ ಗೊರವರು, ಅಲ್ಲೂ ಬಿಲ್ಲು, ಅಲ್ಲೂ ಭಂಡಾರ. ಆದರೆ ನಮ್ಮದು ಭರತ ಹುಣ್ಣಿಮೆಯ ಜಾತ್ರೆಯಲ್ಲಿ, ಅವರದು ದಸರೆ ಹೊತ್ತಿಗೆ. ಎರಡೂ ಒಂದೇ ಅಲ್ವಾ, ಒಂದನ್ನು ತೆಗೆಯೋಣ ಅಂತ ನಿಮ್ಮಜ್ಜಿಯ ಮುಂದೆ ಹೇಳಿ ನೋಡು!

ಈಗ ನಿನ್ನ ಪ್ಯಾಚ್ ಹೀಗೆ ಬಿಡಿಸು. ಮೊದಲನೆಯದರಲ್ಲಿ ಹೊಸ ಫಂಕ್ಷನ್ ಮಾತ್ರ ಇರಲಿ. ಆಮೇಲೆ ಒಂದೊಂದು ಡ್ರೈವರಿಗೆ ಒಂದೊಂದು ಪ್ಯಾಚ್, ಅದರಲ್ಲೇ ಹಳೆಯ ನಕಲು ಹೋಗಲಿ. ಹಿರಮತ್ಸು ಕೂಡ ಪ್ರೊಸೆಸರ್‌ಗೊಂದರಂತೆ ಹೀಗೇ ಕಳಿಸಿದ್ದರು. ಪ್ರತಿ ಹಂತದಲ್ಲೂ ಕರ್ನಲ್ ಕಂಪೈಲ್ ಆಗಬೇಕು, ಬೂಟ್ ಆಗಬೇಕು. ನಾಳೆ ಏನಾದರೂ ಕೆಟ್ಟರೆ ಗಿಟ್ ಬೈಸೆಕ್ಟ್ ಹಿಡಿದು ತಪ್ಪು ಹುಡುಕಲು ಹೊರಟವನು ನಿನ್ನ ಒಂದು ಸಣ್ಣ ಪ್ಯಾಚಿನ ಮುಂದೆ ನಿಲ್ಲಬೇಕು, ನಾನೂರು ಸಾಲಿನ ಗುಡ್ಡೆಯ ಮುಂದಲ್ಲ. ಖಾಲಿ ಜಾಗ ಸರಿಮಾಡುವುದು, ಹೆಸರು ಚಂದ ಮಾಡುವುದು ಇವನ್ನು ಈ ಪ್ಯಾಚಿಗೆ ಬೆರೆಸಬೇಡ.

ನಾಲ್ಕರಲ್ಲಿ ಮೂರು ಡ್ರೈವರ್‌ಗಳ ಬೋರ್ಡುಗಳು ನಿನ್ನ ಹತ್ತಿರ ಇವೆ. ನಾಲ್ಕನೆಯದು ಇಲ್ಲ. ‘ಕಂಪೈಲ್ ಮಾಡಿದ್ದೇನೆ, ಓಡಿಸಿ ನೋಡಿಲ್ಲ’ ಅಂತ ನಾಚಿಕೆಯಿಲ್ಲದೆ ಬರೆ, ಆ ಡ್ರೈವರಿನ ಮೇಂಟೇನರ್‌ಗೆ ಓಡಿಸಿ ನೋಡಲು ಕೇಳಿಕೊ. ಅವರ ಉತ್ತರ ಬರಲು ವಾರವಾದರೂ ಬೇಕು. ಜಾತ್ರೆಗೆ ಊರಿಗೆ ಬರುವ ಮೊದಲೇ ಕಳಿಸಿಬಿಡು, ಕಾರ್ಣಿಕದ ದಿನ ಆ ಗದ್ದಲದಲ್ಲಿ ಮೇಲ್ ನೋಡುವುದು ಅಷ್ಟರಲ್ಲೇ ಇದೆ.

ನಿನ್ನ ಮಾವ