ಠಾಣೆ ಖಾಡಿಯ ಎರಡು ರಾಜಹಂಸಗಳು

ಪ್ರಶ್ನೆ: ಖಾಡಿಯಲ್ಲಿ ದೋಣಿಯಿಂದ ನೋಡಿದಾಗ ಗುಲಾಬಿ ಹಿಂಡಿನ ನಡುವೆ ಎತ್ತರದ, ಬೆಳ್ಳಗಿನ ಫ್ಲೆಮಿಂಗೊಗಳು ಕಂಡವು. ಅವು ಗಂಡೇ, ಬೇರೆ ಜಾತಿಯೇ? ಇಷ್ಟೊಂದು ಹಕ್ಕಿಗಳಿದ್ದೂ ಅಪಾಯವಿದೆ ಎನ್ನುವುದೇಕೆ?
– ಓದುಗರೊಬ್ಬರು, ಐರೋಲಿ

ಉತ್ತರ: ಅವು ಬೇರೆಯೇ ಪ್ರಭೇದ. ಗಂಡುಹೆಣ್ಣಿಗೆ ಬಣ್ಣದಲ್ಲಿ ಭೇದವಿಲ್ಲ. ಎತ್ತರದ್ದು ಹಿರಿಯ ರಾಜಹಂಸ (ಫೀನಿಕಾಪ್ಟೆರಸ್ ರೋಸಿಯಸ್), ಗಿಡ್ಡದ್ದು ಕಿರಿಯ ರಾಜಹಂಸ (ಫೀನಿಕೊನಾಯಾಸ್ ಮೈನರ್). ಮರಾಠಿಯಲ್ಲಿ ಇವನ್ನು ‘ರೋಹಿತ’ ಎನ್ನುತ್ತಾರೆ. ಕನ್ನಡದಲ್ಲಿ ಹೆಸರು ರಾಜಹಂಸವಾದರೂ ಹಂಸ, ಬಾತುಗಳ ಕುಲಕ್ಕೆ ಇವು ಸೇರಿದವಲ್ಲ. ಇವುಗಳ ಹತ್ತಿರದ ನಂಟ ನಮ್ಮ ಕೆರೆಗಳ ಪುಟ್ಟ ಗುಳುಮುಳುಕ! ಜಗತ್ತಿನಲ್ಲಿರುವ ರಾಜಹಂಸಗಳು ಆರೇ ಪ್ರಭೇದ. ಎಲ್ಲವೂ ಒಂದೇ ಕುಟುಂಬದವು.

ಕುಟುಂಬ ಒಂದಾದರೂ ನಮ್ಮ ಈ ಎರಡರ ಕುಲ ಬೇರೆ. ಗುಟ್ಟು ಕೊಕ್ಕಿನಲ್ಲಿದೆ. ಹಿರಿಯದರ ಕೊಕ್ಕು ತಿಳಿಗುಲಾಬಿ, ತುದಿ ಮಾತ್ರ ಕಪ್ಪು. ಒಳಗಿನ ಜರಡಿ ಒರಟು. ಕೆಸರು ಕಲಕಿ ಸಣ್ಣ ಸಿಗಡಿ, ಹುಳುಗಳನ್ನು ಸೋಸುತ್ತದೆ. ಕಿರಿಯದರ ಕೊಕ್ಕು ಕಡುಗೆಂಪು, ದೂರದಿಂದ ಕಪ್ಪೇ ಅನಿಸುತ್ತದೆ. ಜರಡಿ ಬಲು ನವಿರು. ಕಣ್ಣಿಗೆ ಕಾಣದಷ್ಟು ಸಣ್ಣ ನೀಲಿ-ಹಸಿರು ಪಾಚಿಯೇ ಅದರ ಮುಖ್ಯ ಊಟ. ಒಂದೇ ಕೆಸರಿನಲ್ಲಿ ಎರಡೂ ಜಗಳವಿಲ್ಲದೆ ಉಣ್ಣುವುದು ಹೀಗೆ.

ಈಗ ಎರಡನೆಯ ಪ್ರಶ್ನೆ. ಖಾಡಿಗೆ ಬರುವವುಗಳಲ್ಲಿ ಕಿರಿಯವೇ ಹೆಚ್ಚು. ಜಗತ್ತಿನಲ್ಲೂ ಅವು 20 ಲಕ್ಷ ಮೀರಿವೆ, ಹಿರಿಯವು ಅದರ ಅರ್ಧವೂ ಇಲ್ಲ. ಆದರೂ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಹಿರಿಯದು ‘ಕಡಿಮೆ ಆತಂಕ’ದ ವರ್ಗದಲ್ಲಿದೆ, ಕಿರಿಯದು ‘ಅಪಾಯದ ಸಮೀಪ’. ಪಟ್ಟಿ ಮಾಡುವವರು ತಲೆ ಎಣಿಸಿ ಸುಮ್ಮನಾಗುವುದಿಲ್ಲ, ತೊಟ್ಟಿಲನ್ನೂ ನೋಡುತ್ತಾರೆ. ಕಿರಿಯ ರಾಜಹಂಸ ಮರಿಮಾಡುವ ಮುಖ್ಯ ತಾಣಗಳು ಬೆರಳೆಣಿಕೆಯಷ್ಟು: ತಾಂಜಾನಿಯಾದ ನೇಟ್ರಾನ್ ಸರೋವರ, ದಕ್ಷಿಣ ಆಫ್ರಿಕಾ ಭಾಗದ ಕೆಲವು ಉಪ್ಪುನೆಲಗಳು, ನಮ್ಮ ಕಛ್‌ನ ರಣ. ಇಡುವುದು ಒಂದೇ ಮೊಟ್ಟೆ. ಒಂದು ತಾಣ ಕೆಟ್ಟರೂ ಲಕ್ಷಾಂತರ ಹಕ್ಕಿಗಳ ವಂಶಕ್ಕೆ ಪೆಟ್ಟು.

ಮುಂಬೈ ಪಕ್ಕದ ಈ ಖಾಡಿ ಇವುಗಳ ತೊಟ್ಟಿಲಲ್ಲ, ಅನ್ನದ ತಟ್ಟೆ. ಠಾಣೆ ಖಾಡಿಯ ಒಂದು ಭಾಗ 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯವಾಯಿತು, 2022ರಲ್ಲಿ ರಾಮ್ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ) ಆಯಿತು. ಆದರೆ ಉಬ್ಬರಕ್ಕೆ ಕೆಸರು ಮುಳುಗಿದಾಗ ಹಕ್ಕಿಗಳು ಅಭಯಾರಣ್ಯದ ಗಡಿ ದಾಟಿ ನೆರೂಲ್‌ನ ಜೌಗುಗಳಿಗೆ ಹೋಗಿ ನಿಲ್ಲುತ್ತವೆ. ತಟ್ಟೆಯ ಜೊತೆಗೆ ಆ ತಂಗುದಾಣಗಳೂ ಉಳಿಯಬೇಕು. ಮುಂದಿನ ಸಲ ಕೊಕ್ಕು ನೋಡಿ ಹಕ್ಕಿ ಗುರುತಿಸಿ. ಉಬ್ಬರದ ಹೊತ್ತಿನಲ್ಲಿ ನೆರೂಲ್‌ಗೂ ಹೋಗಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.