ಗೋದಾಮಿನಲ್ಲಿಟ್ಟ ಕಾಫಿಯ ಲೆಕ್ಕ

ಕೊಯ್ಲು ಮುಗಿದು ಕಣದಲ್ಲಿ ಚೆರ್ರಿ ಒಣಗಿದ ಮೇಲೆ ಕೊಡಗಿನ ರೋಬಸ್ಟಾ ಬೆಳೆಗಾರ ತೆಗೆದುಕೊಳ್ಳುವ ಅತಿ ದುಬಾರಿ ತೀರ್ಮಾನವೆಂದರೆ ಈಗಲೇ ಮಾರುವುದೋ, ಬೆಲೆ ಏರಲೆಂದು ಇಟ್ಟುಕೊಳ್ಳುವುದೋ ಎಂಬುದು. ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಪೂಲ್ ಪದ್ಧತಿ ಇದ್ದಾಗ ಮಾರುವ ಹೊಣೆ ಕಾಫಿ ಮಂಡಳಿಯದಾಗಿತ್ತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾದಾಗ ಆ ಹೊಣೆಯೊಂದಿಗೆ ರೋಬಸ್ಟಾ ಬೆಲೆ ನಿಗದಿಯಾಗುವ ಲಂಡನ್ ಪೇಟೆಯ ಏರಿಳಿತವೂ ಬೆಳೆಗಾರನ ಹೆಗಲಿಗೆ ಬಂತು.

ಇಟ್ಟುಕೊಳ್ಳಲು ತಗಲುವ ಖರ್ಚನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. 50 ಕೆ.ಜಿ.ಯ 100 ಚೀಲ ಚೆರ್ರಿ, ಓಟಿ (ಒಂದು ಚೀಲ ಚೆರ್ರಿಗೆ ಸಿಗುವ ಬೇಳೆಯ ಕೆ.ಜಿ.) 27 ಎಂದರೆ ಕೈಗೆ ಸಿಗುವ ಬೇಳೆ 2,700 ಕೆ.ಜಿ. ಕೆ.ಜಿ.ಗೆ 350 ರೂಪಾಯಿಯಂತೆ ಅದರ ಬೆಲೆ 9,45,000. ಅಷ್ಟೇ ಮೊತ್ತದ ಬೆಳೆ ಸಾಲಕ್ಕೆ ಶೇ 9ರ ಬಡ್ಡಿ ಹಿಡಿದರೆ ಆರು ತಿಂಗಳಿಗೆ 42,525 ರೂಪಾಯಿ. ತೂಕ ಶೇ 2ರಷ್ಟು ಇಳಿದರೆ ಉಳಿಯುವುದು 2,646 ಕೆ.ಜಿ. ಅಸಲು, ಬಡ್ಡಿ ಸೇರಿದ 9,87,525ನ್ನು ಇದರಿಂದ ಭಾಗಿಸಿದರೆ ಕೆ.ಜಿ.ಗೆ ಸುಮಾರು 373 ರೂಪಾಯಿ. ಬೆಲೆ 23 ರೂಪಾಯಿ ಏರಿದರೂ ಲಾಭವಿಲ್ಲ, ನಷ್ಟ ತಪ್ಪುತ್ತದೆ ಅಷ್ಟೆ. ಗೋದಾಮಿನ ಬಾಡಿಗೆ ಇದಕ್ಕೆ ಸೇರಿಲ್ಲ.

ಅರ್ಥಶಾಸ್ತ್ರಜ್ಞ ಹೋಲ್ಬ್ರೂಕ್ ವರ್ಕಿಂಗ್ 1949ರಲ್ಲಿ ದಾಸ್ತಾನಿನ ಬೆಲೆಯ ಬಗ್ಗೆ ಮಂಡಿಸಿದ ಸಿದ್ಧಾಂತ ಇದೇ ಪ್ರಶ್ನೆಯದು. ದೂರದ ತಿಂಗಳ ವಾಯಿದಾ ಬೆಲೆ (ಮುಂದೆ ಕೊಡುವ ಸರಕಿಗೆ ಇಂದೇ ಒಪ್ಪಿದ ಬೆಲೆ) ಹತ್ತಿರದ್ದಕ್ಕಿಂತ ಎಷ್ಟು ಹೆಚ್ಚೋ, ಸರಕು ಕಾಯ್ದಿಡುವವನಿಗೆ ಪೇಟೆ ಕೊಡುವ ಕೂಲಿ ಅಷ್ಟು. ದೂರದ್ದೇ ಕಡಿಮೆಯಿದ್ದರೆ ಸರಕು ಈಗಲೇ ಬೇಕೆಂದು ಪೇಟೆ ಹೇಳುತ್ತಿದೆ. ಹಣಕಾಸು ತಜ್ಞ ಎಡ್ವಾರ್ಡೊ ಶ್ವಾರ್ಟ್ಜ್ 1997ರಲ್ಲಿ ಪ್ರಕಟಿಸಿದ ಬೆಲೆ ಮಾದರಿಗಳು ಸರಕು ಕೈಯಲ್ಲಿರುವುದರ ಅನುಕೂಲವನ್ನೂ ಕಾಲಕ್ಕೆ ತಕ್ಕಂತೆ ಬದಲಾಗುವ ಅಂಶವಾಗಿ ಎಣಿಸುತ್ತವೆ. ಬ್ರೆಜಿಲ್‌ನ ಹಿಮವನ್ನಾಗಲಿ ವಿಯೆಟ್ನಾಂನ ಬರವನ್ನಾಗಲಿ ಯಾವ ಮಾದರಿಯೂ ಮೊದಲೇ ಹೇಳದು. ಕಾಯುವುದಕ್ಕೆ ಕೂಲಿ ಉಂಟೇ ಎಂಬುದನ್ನಷ್ಟೇ ತೋರಿಸಬಲ್ಲದು.

ವಾಯಿದಾ ಒಪ್ಪಂದವೇ ರಕ್ಷಣೆಯೆಂಬ ಸಲಹೆ ಸಣ್ಣ ಬೆಳೆಗಾರನಿಗೆ ಒಗ್ಗದು. ಲಂಡನ್‌ನ ಒಂದು ರೋಬಸ್ಟಾ ಒಪ್ಪಂದ 10 ಟನ್ನಿನದು. ಓಟಿ 27ರಂತೆ ಅದಕ್ಕೆ ಸುಮಾರು 370 ಚೀಲ ಚೆರ್ರಿ ಬೇಕು. ಜೊತೆಗೆ ಡಾಲರಿನ ಏರಿಳಿತವುಂಟು, ದಿನದಿನದ ಮಾರ್ಜಿನ್ (ಭದ್ರತಾ ಹಣ) ಕಟ್ಟಬೇಕು.

ಅದಕ್ಕಿಂತ ಅಪಾಯದ್ದು, ಕಾಫಿ ಈಗ ಕೊಟ್ಟು ರೇಟ್ ಆಮೇಲೆ ಫಿಕ್ಸ್ ಮಾಡುವ ವ್ಯವಹಾರ. ಇಲ್ಲಿ ಬೆಲೆ ಬೀಳುವ ಭಯ ಬೆಳೆಗಾರನಲ್ಲೇ ಉಳಿಯುತ್ತದೆ, ಸರಕು ಮಾತ್ರ ಕೈಬಿಡುತ್ತದೆ. ವ್ಯಾಪಾರಿ ದಿವಾಳಿಯಾದರೆ ಸರಕೂ ಇಲ್ಲ, ಹಣವೂ ಇಲ್ಲ. ಇದನ್ನು ಸೌಲಭ್ಯವೆಂದು ಕರೆಯುವುದೇ ತಪ್ಪು.

ಸಾಲದ ಕಂತು, ಆಳುಗಳ ಕೂಲಿ, ಗೊಬ್ಬರದ ಖರ್ಚಿಗೆ ಬೇಕಾದಷ್ಟನ್ನು ಕೊಯ್ಲಿನ ಬೆನ್ನಿಗೇ ಮಾರಬೇಕು. ಉಳಿದದ್ದನ್ನು ಕಂತುಗಳಲ್ಲಿ, ಮೊದಲೇ ಬರೆದಿಟ್ಟ ಬೆಲೆಗೆ ಮಾರಬೇಕು. ಪ್ರತಿ ಲಾಟಿನ ಓಟಿ, ತೇವಾಂಶ, ಮಾರಿದ ದಿನದ ಬೆಲೆ ಪುಸ್ತಕದಲ್ಲಿರಬೇಕು. ಈ ಮೂರು ಗೊತ್ತಿಲ್ಲದವನಿಗೆ ಲಂಡನ್ ಬೆಲೆ ಗೊತ್ತಿದ್ದೂ ಪ್ರಯೋಜನವಿಲ್ಲ.